ಸಹಿಯ ಕೆಳಗೆ ಎರಡು ಗೆರೆ

ಜೂನ್ 12, 1994

ತಮ್ಮಾ,

ಅಂತೂ ಗೆದ್ದೆ! ಇನ್ನು ಮೇಲೆ ನಿನ್ನನ್ನ ಶಾಸಕರೇ ಅನ್ನಬೇಕಂತೆ, ನಿನ್ನ ಭಾವ ಹೇಳ್ತಿದ್ದಾರೆ. ನನ್ನ ಬಾಯಿಗೆ ಅದು ಬರಲ್ಲಪ್ಪ. ಯಾರು ಏನು ಕೇಳಿದ್ರೂ ಗೋಣು ಆಡಿಸ್ತಾನೆ ಅಂತ ಅಪ್ಪ ನಿನ್ನನ್ನ ಗೋಣಪ್ಪ ಅಂತ ಕರೀತಿದ್ದರು. ವಿಧಾನಸಭೆಗೆ ಹೋದ ಮಾತ್ರಕ್ಕೆ ಆ ಹೆಸರು ಹೋಗುತ್ತಾ?

ಮತ ಎಣಿಕೆ ದಿನ ಅಂಗಡೀಲಿ ನನಗೆ ಒಂದು ಹೊಲಿಗೆಯೂ ನೆಟ್ಟಗೆ ಬೀಳಲಿಲ್ಲ. ಮೇಷ್ಟರ ಪ್ಯಾಂಟಿಗೆ ಎರಡೂ ಜೇಬನ್ನ ಒಂದೇ ಕಡೆ ಇಟ್ಟುಬಿಟ್ಟಿದ್ದೆ. ಪಕ್ಕದ ಅಂಗಡಿ ಕೊಡೆಯಣ್ಣ ರೇಡಿಯೋ ತಂದು ನನ್ನ ಮೆಷಿನ್ ಪಕ್ಕದಲ್ಲೇ ಕೂತಿದ್ದರು. ಮೂರು ಸುತ್ತು ನೀನು ಹಿಂದೆ. ನಾಲ್ಕನೇ ಸುತ್ತಿಗೆ ಮುಂದೆ ಬಂದೆ ನೋಡು, ರಿಪೇರಿಗೆ ಬಂದಿದ್ದ ಕೊಡೆಯೊಂದನ್ನ ಬಿಚ್ಚಿಕೊಂಡು ಬೀದೀಲಿ ಕುಣಿದರು. ಅರವತ್ತರ ಮನುಷ್ಯ! ನಿನ್ನ ಭಾವ ಡ್ಯೂಟಿ ಮುಗಿಸಿ ಬಂದರು, ಟಿಕೆಟ್ ಚೀಲ ಮೊಳೆಗೆ ಹಾಕಿದರು, ಕೈಕಾಲು ತೊಳೆದರು, ಆಮೇಲೆ ನಕ್ಕರು. ಕಂಡಕ್ಟರ್ ಆಗಿ ಇಪ್ಪತ್ತೈದು ವರ್ಷ, ಎಲ್ಲಾದಕ್ಕೂ ಸ್ಟಾಪ್ ಬರಬೇಕು ಅವರಿಗೆ.

ಈಗ ಒಂದು ಮಾತು, ಕಿವಿಗೊಟ್ಟು ಕೇಳು. ನಮ್ಮ ಮನೆಗೆ ಅಂತ ನಾನಾಗಲಿ ನಿನ್ನ ಭಾವನಾಗಲಿ ನಿನ್ನ ಹತ್ತಿರ ಏನೂ ಕೇಳಲ್ಲ. ಇವತ್ತಿಗೂ ಇಲ್ಲ, ಎಂದಿಗೂ ಇಲ್ಲ. ಆದರೆ ಊರವರಿಗೆ ಅಂತ ಕೇಳ್ತೀನಿ. ಅದನ್ನ ಫೋನಲ್ಲಿ ಹೇಳಲ್ಲ, ಕಾಗದ ಬರೀತೀನಿ. ನನ್ನ ಕವರನ್ನ ನೀನೇ ಒಡೀಬೇಕು.

ಬಿಳಿ ಶರ್ಟು ಆರು ಹೊಲಿದಿಟ್ಟಿದ್ದೀನಿ. ಕುತ್ತಿಗೆ ಅರ್ಧ ಇಂಚು ಜಾಸ್ತಿ ಬಿಟ್ಟಿದ್ದೀನಿ. ಶಾಸಕರಾದವರಿಗೆ ಕುತ್ತಿಗೆ ದಪ್ಪ ಆಗುತ್ತೆ ಅಂತ ಕೇಳಿದ್ದೀನಿ.

ನಿನ್ನ ಅಕ್ಕ


ಆಗಸ್ಟ್ 3, 1994

ಅಕ್ಕಾ,

ಶರ್ಟು ಬಂದವು. ಕುತ್ತಿಗೆ ಸಡಿಲ ಇದೆ, ಸದ್ಯಕ್ಕೆ ನಿನ್ನ ಭವಿಷ್ಯವಾಣಿ ನಿಜ ಆಗಿಲ್ಲ.

ಇಲ್ಲಿ ಶಾಸಕರ ಭವನದಲ್ಲಿ ಒಂದು ರೂಮು ಕೊಟ್ಟಿದ್ದಾರೆ. ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ನೀರಿನ ಟ್ಯಾಂಕು. ಸದನದಲ್ಲಿ ಮೊದಲ ದಿನ ಗೊತ್ತಿಲ್ಲದೆ ಆಡಳಿತ ಪಕ್ಷದವರ ಬೆಂಚಲ್ಲಿ ಹೋಗಿ ಕೂತೆ. ಒಬ್ಬರು ಬಂದು ಕಿವೀಲಿ, 'ಸಾರ್, ಇಲ್ಲಿಗೆ ಬರೋಕೆ ಇನ್ನೂ ಐದು ವರ್ಷ ಇದೆ' ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಬೆಳಿಗ್ಗೆ ಆರಕ್ಕೇ ಬಾಗಿಲ ಮುಂದೆ ಜನ. ಪ್ರತಿ ಅರ್ಜೀನೂ ಎರಡು ಸಲ ಓದ್ತೀನಿ. ಓದಿ, ಅಂಚಿನಲ್ಲಿ 'ಇವರ ಕೆಲಸ ಮಾಡಿಕೊಡಿ' ಅಂತ ಷರಾ ಬರೆದು ಸಹಿ ಹಾಕಿ ಕೊಡ್ತೀನಿ. ಒಬ್ಬ ಹೆಂಗಸಿನ ಪಿಂಚಣಿ ಫೈಲು ಹುಡುಕಿಕೊಂಡು ನಾನೇ ಮೂರು ಮಹಡಿ ಹತ್ತಿದೆ, ಸಿಕ್ಕಿತು. ಅವತ್ತು ಅನ್ನಿಸಿತು ಅಕ್ಕಾ, ಇದಕ್ಕೇ ಬಂದಿದ್ದು ನಾನು ಅಂತ.

ಇನ್ನೊಂದೂ ಹೇಳಿಬಿಡ್ತೀನಿ. ಒಬ್ಬ ಮುದುಕರ ಕೆಲಸ ಆಗಲ್ಲ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ 'ನೋಡೋಣ, ಮಾಡೋಣ' ಅಂದೆ. ಅವರು ನನ್ನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಅವತ್ತು ಊಟ ಸೇರಲಿಲ್ಲ. ಇಲ್ಲ ಅನ್ನೋದಕ್ಕೆ ಒಂದು ಶಾಲೆ ಇದ್ದರೆ ಹೇಳು, ಸೇರ್ಕೋತೀನಿ.

ಭಾವನಿಗೆ ನಮಸ್ಕಾರ ತಿಳಿಸು.

ನಿನ್ನ ಗೋಣಪ್ಪ


ಆಗಸ್ಟ್ 20, 1999

ತಮ್ಮಾ,

ಎರಡನೇ ಸಲ ಗೆದ್ದೆ, ಸಚಿವನೂ ಆದೆ, ಅದೂ ಆರೋಗ್ಯ ಖಾತೆ. ಪೇಪರಿನಲ್ಲಿ ನಿನ್ನ ಫೋಟೋ ನೋಡಿದೆ. ಕುತ್ತಿಗೆ ದಪ್ಪ ಆಗಿದೆ, ನಾನು ಹೇಳಿರಲಿಲ್ವಾ? ಐದು ವರ್ಷದಲ್ಲಿ ನನ್ನವು ಹನ್ನೆರಡು ಕಾಗದ, ನಿನ್ನವು ಮೂರು. ಇರಲಿ ಬಿಡು, ಕೆಲಸ ಇರುತ್ತೆ. ನಾನು ಚೀಟಿ ಕೊಟ್ಟು ಕಳಿಸಿದವರನ್ನ ನೀನು ಒಬ್ಬರನ್ನೂ ಬರಿಗೈಲಿ ವಾಪಸ್ ಕಳಿಸಿಲ್ಲ, ಎಲ್ಲರೂ ಷರಾ ಹಿಡಕೊಂಡು ನಗ್ತಾ ಬಂದಿದ್ದಾರೆ. ಅಷ್ಟು ಸಾಕು ನನಗೆ.

ಈಗ ವಿಷಯಕ್ಕೆ ಬರ್ತೀನಿ. ನಮ್ಮೂರಲ್ಲಿ ಕಿಡ್ನಿ ಕೆಟ್ಟವರು ಹದಿನೇಳು ಜನ ಇದ್ದಾರೆ. ವಾರಕ್ಕೆ ಎರಡು ಸಲ ಜಿಲ್ಲಾ ಆಸ್ಪತ್ರೆಗೆ ಹೋಗಿ, ಯಂತ್ರಕ್ಕೆ ಕೈ ಕೊಟ್ಟು ನಾಲ್ಕು ಗಂಟೆ ಮಲಗಿ ರಕ್ತ ಸೋಸಿಸಿಕೊಂಡು ಬರಬೇಕು. ಒಂದು ಸರದಿ ತಪ್ಪಿದರೆ ಕಾಲು ಊದುತ್ತೆ, ಎರಡು ತಪ್ಪಿದರೆ ಜೀವಕ್ಕೇ ಬರುತ್ತೆ. ಹೋಗೋಕೆ ಎಪ್ಪತ್ತು ಕಿಲೋಮೀಟರ್, ಬರೋಕೆ ಎಪ್ಪತ್ತು. ಬರೋವಾಗ ಬಸ್ಸಲ್ಲಿ ಕೂರಕ್ಕೂ ಆಗಲ್ಲ ಅವರಿಗೆ. ಅಂಥದೊಂದು ಯಂತ್ರ ನಮ್ಮೂರ ಆಸ್ಪತ್ರೆಗೇ ಕೊಡು. ಕೋಣೆ ಇದೆ, ನಳದಲ್ಲಿ ನೀರಿದೆ, ಕಲಿತ ನರ್ಸ್ ಒಬ್ಬರಿದ್ದಾರೆ.

ಅರ್ಜಿ ಇದರ ಜೊತೆಗಿದೆ. ಹದಿನೇಳು ಜನರೂ ಹೆಸರು ಬರೆದು ಸಹಿ ಹಾಕಿದ್ದಾರೆ. ಮೂರನೇ ಹೆಸರು ನಮ್ಮ ಕೊಡೆಯಣ್ಣನದು. ಉಳಿದವರ ಬಗ್ಗೆ ನಾನು ಬೇರೆ ಹೇಳಲ್ಲ. ಪಟ್ಟಿ ಪೂರ್ತಿ ಓದು, ನಿಧಾನವಾಗಿ ಓದು.

ನಿನ್ನ ಭಾವ ನಿವೃತ್ತರಾದರು. ಸ್ವಲ್ಪ ತೆಳ್ಳಗಾಗಿದ್ದಾರೆ. ಕೆಲಸ ಬಿಟ್ಟರೂ ಬಸ್ ಬಿಟ್ಟಿಲ್ಲ, ವಾರಕ್ಕೆ ಎರಡು ಸಲ ಮೊದಲ ಬಸ್ಸಿಗೆ ಹೋಗಿ ಬರ್ತಾರೆ.

ನಿನ್ನ ಅಕ್ಕ


ಸೆಪ್ಟೆಂಬರ್ 9, 1999

ಅಕ್ಕಾ,

ನಿನ್ನ ಕಾಗದ ಓದಿದೆ. ಅರ್ಜಿ ಮೇಲೆ ನನ್ನ ಕೈಯಾರೆ ಷರಾ ಬರೆದು ಸಹಿ ಹಾಕಿದ್ದೀನಿ. ಮೂಲ ಪ್ರತಿ ಆಸ್ಪತ್ರೆ ಆಫೀಸಿಗೆ ಹೋಗಿದೆ, ನಕಲು ನಿನಗೆ ಕಳಿಸಿದ್ದೀನಿ. ಎಲ್ಲರಿಗೂ ಧೈರ್ಯ ಹೇಳು.

ಭಾವನಿಗೆ ಬಸ್ಸಿನ ಚಟ ಇನ್ನೂ ಹೋಗಿಲ್ಲ ಅಂತ ಓದಿ ನಕ್ಕುಬಿಟ್ಟೆ. ಈಗ ಟಿಕೆಟ್ ತಗೊಂಡು ಹೋಗ್ತಾರಾ, ಇಲ್ಲಾ ತಾವೇ ಟಿಕೆಟ್ ಹರೀತಾರಾ? ಕೇಳಿದೆ ಅಂತ ಹೇಳು.

ಬಜೆಟ್ಟು, ಪ್ರವಾಸ, ಪಕ್ಷದ ಸಭೆ, ತಲೆ ಕೆರೆದುಕೊಳ್ಳೋಕೂ ಪುರುಸೊತ್ತಿಲ್ಲ. ಮತ್ತೆ ಬರೀತೀನಿ.

ನಿನ್ನ ತಮ್ಮ


ಅಕ್ಟೋಬರ್ 2, 1999

ತಮ್ಮಾ,

ನಿನ್ನ ಷರಾ ಬಂದ ದಿನ ನಮ್ಮ ಬೀದೀಲಿ ಒಲೆ ಹಚ್ಚಿದವರು ಕಡಿಮೆ. ಎಲ್ಲರೂ ನನ್ನ ಅಂಗಡಿ ಮುಂದೆ! 'ಕೂಡಲೇ ಕ್ರಮ ಕೈಗೊಳ್ಳಿ' ಅಂತ ಬರೆದಿದ್ದೀಯ, ಅದು ಸರಿ. ಅದಕ್ಕಿಂತ ಹೆಚ್ಚಾಗಿ ಸಹಿ ಕೆಳಗೆ ಎರಡು ಗೆರೆ ಎಳೆದಿದ್ದೀಯಲ್ಲ, ಅದನ್ನ ನೋಡಿ ನನ್ನ ಕಣ್ಣು ತುಂಬಿತು. ಒಂದು ಗೆರೆ ಎಳೆದಿದ್ರೆ ಸಚಿವರು ಬರೆದದ್ದು. ಎರಡನೇದು ನನ್ನ ತಮ್ಮ ಎಳೆದದ್ದು. ಹಾಗಂತ ಎಲ್ಲರಿಗೂ ಹೇಳಿದೆ. ನಕಲಿಗೆ ಪ್ಲಾಸ್ಟಿಕ್ ಹಾಕಿಸಿ ಅಂಗಡಿ ಗೋಡೆಗೆ ಹೊಡೆದಿದ್ದೀನಿ.

ಕೊಡೆಯಣ್ಣನ ಮಗಳ ಮನೆ ಜಿಲ್ಲಾ ಆಸ್ಪತ್ರೆಯ ಬೆನ್ನಿಗೇ ಇದೆ. ಅಲ್ಲಿಗೇ ಹೋಗಿ ಇರ್ತೀನಿ ಅಂತಿದ್ದರು. ಈಗ ಹೋಗ್ತಿಲ್ಲ. ಯಂತ್ರ ಇಲ್ಲಿಗೇ ಬರುತ್ತಲ್ಲ.

ಪಟ್ಟೀಲಿರೋ ಹೆಸರುಗಳನ್ನೆಲ್ಲ ನೋಡಿರ್ತೀಯ. ನೋಡಿಯೂ ಏನೂ ಬರೀಲಿಲ್ಲ, ಬಸ್ಸಿನ ತಮಾಷೆ ಮಾಡಿ ಬಿಟ್ಟೆ. ನಿನ್ನ ಭಾವನಿಗೆ ಓದಿ ಹೇಳಿದೆ. 'ನಿನ್ನ ತಮ್ಮ ಬೆಳೆದಿದ್ದಾನೆ ಕಣೆ, ಯಾವುದನ್ನ ಕಾಗದದಲ್ಲಿ ಬರೀಬಾರದು ಅಂತ ಗೊತ್ತು ಅವನಿಗೆ' ಅಂದರು. ಟಿಕೆಟ್ ತಗೊಂಡೇ ಹೋಗ್ತಾರಂತೆ, ಹಾಗಂತ ಬರೀ ಅಂದರು.

ಯಂತ್ರ ಯಾವಾಗ ಬರುತ್ತೆ?

ನಿನ್ನ ಅಕ್ಕ


ಜನವರಿ 7, 2000

ಮಾನ್ಯರೇ,

ವಿಷಯ: ತಮ್ಮ ದಿನಾಂಕ 2-10-1999ರ ಪತ್ರ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ತಮ್ಮ ಪತ್ರವನ್ನು ಸ್ವೀಕರಿಸಲಾಗಿದ್ದು, ಅಗತ್ಯ ಕ್ರಮಕ್ಕಾಗಿ ಸಂಬಂಧಪಟ್ಟ ಅಧಿಕಾರಿಗಳಿಗೆ ರವಾನಿಸಲಾಗಿದೆ ಎಂದು ತಿಳಿಸಲು ಹರ್ಷಿಸುತ್ತೇನೆ.

ತಮ್ಮ ವಿಶ್ವಾಸಿ,
ಆರೋಗ್ಯ ಸಚಿವರು


ಮಾರ್ಚ್ 14, 2000

ಮಾನ್ಯರೇ ಅಂತ ಯಾರಿಗೆ ಬರೆದೆಯೋ, ಗೋಣಪ್ಪಾ?

ನಾನು ಕೇಳಿದ್ದು ಯಂತ್ರ ಯಾವಾಗ ಬರುತ್ತೆ ಅಂತ. ನೀನು ಕಳಿಸಿದ್ದು ಟೈಪ್ ಮಾಡಿದ ಮೂರು ಸಾಲು. ನನ್ನ ಕವರನ್ನ ಬೇರೆ ಯಾರೋ ಒಡೆದಿದ್ದಾರೆ, ಅಲ್ವಾ? ಸಹಿ ಮಾತ್ರ ನಿನ್ನದೇ, ಕೆಳಗೆ ಎರಡು ಗೆರೆ. ಅದನ್ನ ನೋಡಿ ಸಿಟ್ಟು ಅರ್ಧಕ್ಕೆ ಇಳೀತು. ಬರೆದವರು ಯಾರಾದರೇನು, ಗೆರೆ ಎಳೆದ ಕೈ ನಿನ್ನದು ತಾನೇ.

ಯಂತ್ರ ಬಂದಿಲ್ಲ. ಆರು ತಿಂಗಳಾಯ್ತು. ಆಸ್ಪತ್ರೆ ಆಫೀಸಿಗೆ ಹೋಗಿ ಕೇಳಿದರೆ, 'ಪರಿಶೀಲನೆಯಲ್ಲಿದೆ' ಅಂತಾರೆ. ದೇವರು ಕೊಟ್ಟರೂ ಪೂಜಾರಿ ಕೊಡಲ್ಲ ಅನ್ನೋದು ಇದಕ್ಕೇ. ನೀನು ಆ ಅಧಿಕಾರಿಗಳನ್ನ ಕರೆದು ಸರಿಯಾಗಿ ಚಳಿ ಬಿಡಿಸು.

ಕೊಡೆಯಣ್ಣ ತೀರಿಕೊಂಡರು. ಕಳೆದ ತಿಂಗಳು ಐದು ದಿನ ಬಸ್ ಮುಷ್ಕರ ಆಯ್ತಲ್ಲ, ಆಗ ಅವರಿಗೆ ಸರದಿಗೆ ಹೋಗಕ್ಕೆ ಆಗಲಿಲ್ಲ. ನಾಲ್ಕನೇ ದಿನ ಉಸಿರು ಸಿಕ್ಕಿಹಾಕಿಕೊಂಡಿತು. ಮಗಳು ಬರೋ ಹೊತ್ತಿಗೆ ಎಲ್ಲ ಮುಗಿದಿತ್ತು. ಅವರ ಅಂಗಡಿ ಮುಚ್ಚಿದೆ. ಒಳಗೆ ರಿಪೇರಿಗೆ ಕೊಟ್ಟವರ ಕೊಡೆಗಳು ಹಾಗೇ ಇವೆ, ಕೇಳಿಕೊಂಡು ಬರೋಕೆ ಯಾರಿಗೂ ಬಾಯಿ ಬರ್ತಿಲ್ಲ.

ಹದಿನಾರು ಜನ ಉಳಿದಿದ್ದಾರೆ. ಬೇಗ ಮಾಡು ತಮ್ಮಾ.

ಅಕ್ಕ


ಏಪ್ರಿಲ್ 20, 2000

ಅಕ್ಕಾ,

ಕೊಡೆಯಣ್ಣನ ಸುದ್ದಿ ಓದಿ ತುಂಬಾ ಬೇಜಾರಾಯ್ತು. ನಾನು ಗೆದ್ದ ದಿನ ಬೀದೀಲಿ ಕುಣಿದ ಮನುಷ್ಯ.

ಟೈಪ್ ಮಾಡಿದ ಕಾಗದಕ್ಕೆ ಬೈಯಬೇಡ. ನಾನು ಪ್ರವಾಸದಲ್ಲಿದ್ದೆ, ಆಪ್ತ ಕಾರ್ಯದರ್ಶಿ ಕಳಿಸಿಬಿಟ್ಟಿದ್ದಾರೆ. ಇಲ್ಲಿ ಪಕ್ಷದಲ್ಲಿ ಎರಡು ಗುಂಪಾಗಿದೆ. ಅತ್ತ ದರಿ ಇತ್ತ ಪುಲಿ ಅಂತಾರಲ್ಲ, ಹಾಗಿದೆ ನನ್ನ ಸ್ಥಿತಿ. ಸಚಿವ ಸ್ಥಾನ ಉಳಿಯುತ್ತೋ ಇಲ್ವೋ ಅನ್ನೋದೇ ದಿನಾ ಯೋಚನೆ.

ಯಂತ್ರದ್ದು ನೋಡ್ತೀನಿ. ಸ್ವಲ್ಪ ತಾಳು. ಅಧಿಕಾರಿಗಳ ಜೊತೆ ನೀನು ಜಗಳಕ್ಕೆ ಹೋಗಬೇಡ, ಅವರ ತಪ್ಪಿಲ್ಲ. ಆ ನಕಲನ್ನ ಅಂಗಡಿ ಗೋಡೆ ಮೇಲಿಂದ ತೆಗೆದುಬಿಡು, ಚೆನ್ನಾಗಿ ಕಾಣಲ್ಲ. ಸಚಿವರ ಅಕ್ಕ ಅಂತ ಮೆರೀತಾಳೆ ಅಂದಾರು.

ಭಾವ ಹೇಗಿದ್ದಾರೆ?

ನಿನ್ನ ತಮ್ಮ


ಜೂನ್ 5, 2000

ನಿನ್ನನ್ನ ಏನಂತ ಕರೀಬೇಕೋ ಗೊತ್ತಾಗ್ತಿಲ್ಲ. ಹಾಗೇ ಶುರು ಮಾಡ್ತೀನಿ.

ಜಗಳಕ್ಕೆ ಹೋಗಬೇಡ ಅಂದೆ. ಹೋದೆ. ಪ್ಲಾಸ್ಟಿಕ್ ಹಾಕಿಸಿದ ನಕಲನ್ನ ಗೋಡೆಯಿಂದ ಕಿತ್ತು, ಅದನ್ನೇ ಹಿಡಕೊಂಡು ಹೋದೆ. ಆಸ್ಪತ್ರೆ ಆಫೀಸಿನಲ್ಲಿ ಹೆಡ್ ಕ್ಲರ್ಕ್ ಒಬ್ಬರು ಹೆಂಗಸು, ನನ್ನದೇ ವಯಸ್ಸು. ಮೇಜು ಗುದ್ದಿ ಕೇಳಿದೆ, 'ಕಣ್ಣು ಕಾಣಲ್ವಾ ನಿಮಗೆ? ಸಚಿವರು ಎರಡು ಗೆರೆ ಎಳೆದು ಬರೆದಿದ್ದಾರೆ!'

ಆಕೆ ಎದ್ದು ಬಾಗಿಲು ಮುಂದೆ ಮಾಡಿ ಬಂದು ಕೂತರು. 'ಅಮ್ಮಾ, ಇದನ್ನ ನಾನು ಹೇಳಿದೆ ಅಂತ ಹೇಳಬೇಡಿ. ಒಂದು ಗೆರೆ ಇದ್ದರೆ ಕೆಲಸ ಮಾಡಬೇಕು. ಎರಡು ಗೆರೆ ಇದ್ದರೆ ಫೈಲಿಗೆ ಹಾಕಿ ದಾರ ಕಟ್ಟಿ ಇಡಬೇಕು. ಇಡೀ ಇಲಾಖೆಗೆ ಗೊತ್ತು. ನಿಮಗೆ ಗೊತ್ತಿಲ್ವಾ? ನೀವು ಅವರ ಅಕ್ಕ ಅಲ್ವಾ?' ಅಂದರು.

ನನ್ನ ಕಿವಿ ಮೇಲೆ ಹೂ ಇಟ್ಟೆಯಲ್ಲೋ! ಬೇರೆಯವರಿಗಲ್ಲ, ನನಗೆ! ಆರು ವರ್ಷ ನಾನು ಚೀಟಿ ಕೊಟ್ಟು ಕಳಿಸಿದವರಲ್ಲಿ ಎಷ್ಟು ಜನರಿಗೆ ಎರಡು ಗೆರೆ ಎಳೆದಿದ್ದೀಯ? ಅವರೆಲ್ಲ ನಗ್ತಾ ಬರ್ತಿದ್ದರಲ್ಲ, ಅದನ್ನ ನೋಡಿ ನಾನು ಬೀಗ್ತಿದ್ದೆನಲ್ಲ. ನನ್ನ ಪತ್ರಕ್ಕೆ ಕೊಟ್ಟ ಉತ್ತರದಲ್ಲೂ ಎರಡೇ ಗೆರೆ. ಅಂದರೆ ನನ್ನನ್ನೂ ದಾರ ಕಟ್ಟಿ ಇಟ್ಟೆ.

ಕೊಡೆಯಣ್ಣ ಮಗಳ ಮನೆಗೆ ಹೋಗಿದ್ದರೆ ಬದುಕಿರ್ತಿದ್ದರು. ನಿನ್ನ ಎರಡು ಗೆರೆ ನಂಬಿ ನಿಂತರು, ಸತ್ತರು. ಆಗಲ್ಲ ಅಂತ ಒಂದು ಮಾತು ಬರೆದಿದ್ದರೆ ಅವರು ತಮ್ಮ ದಾರಿ ನೋಡಿಕೊಳ್ತಿದ್ದರು. ಅವರ ಸಾವು ನಿನ್ನ ಸಹಿಯಲ್ಲಿದೆ.

ಇನ್ನೂ ಒಂದು ಇದೆ. ಪಟ್ಟಿಯ ಹನ್ನೊಂದನೇ ಹೆಸರು ನಿನ್ನ ಭಾವನದು. ನಮ್ಮ ಮನೆಗೆ ಅಂತ ಕೇಳಲ್ಲ ಅಂದಿದ್ದೆ, ಅದಕ್ಕೇ ಕಾಗದದಲ್ಲಿ ಬರೀಲಿಲ್ಲ. ನೀನು ಓದಿ ತಿಳ್ಕೊಂಡೆ, ಬಾಯಿ ಬಿಡದೆ ಮಾಡಿಕೊಡ್ತಿದ್ದೀಯ ಅಂದುಕೊಂಡಿದ್ವಿ. ಮುಷ್ಕರದ ಹಿಂದಿನ ದಿನ ಅವರ ಸರದಿ ಮುಗಿದಿತ್ತು, ಅದಕ್ಕೆ ಉಳಿದರು. ಬಸ್ಸಿನ ಚಟ ಅಂತ ನಕ್ಕೆಯಲ್ಲ ನೀನು, ಬರೋವಾಗ ಬಸ್ಸಿನ ಸೀಟಿನ ಮೇಲೆ ಮಲಗಿಕೊಂಡು ಬರ್ತಾರೆ ಅವರು.

ನೀನು ಆ ಪಟ್ಟಿ ಓದಲೇ ಇಲ್ಲ. ಅಲ್ವಾ?


ಜೂನ್ 11, 2000

ಅಕ್ಕಾ,

ಓದಲಿಲ್ಲ.

ನಿನ್ನ ಕಾಗದ ಓದಿದೆ, ಪಟ್ಟಿ ತಿರುವಲಿಲ್ಲ. ಆ ವರ್ಷದ ಯಂತ್ರಗಳ ಹಂಚಿಕೆ ಮುಗಿದಿತ್ತು. ಆಗಲ್ಲ ಅಂತ ಬರೀಬೇಕಿತ್ತು. ನಿನಗೆ ಆಗಲ್ಲ ಅಂತ ಹೇಗೆ ಬರೀಲಿ? ಎರಡು ಗೆರೆ ಎಳೆದೆ. ಮುಂದಿನ ಏಪ್ರಿಲಲ್ಲಿ ಹೊಸ ಹಂಚಿಕೆ ಬರುತ್ತೆ, ಆಗ ಕೊಟ್ಟರಾಯ್ತು ಅಂದುಕೊಂಡೆ. ಏಪ್ರಿಲ್ ಬಂದಾಗ ನನಗೆ ನೆನಪಿದ್ದದ್ದು ನನ್ನ ಕುರ್ಚಿ ಒಂದೇ.

ಇದು ನಾನು ಹುಟ್ಟಿಸಿದ್ದಲ್ಲ. ಸಚಿವನಾದ ಮೊದಲ ವಾರ ನಾನೂರು ಅರ್ಜಿ ಬಂದವು. ಆಪ್ತ ಕಾರ್ಯದರ್ಶಿ ಹೇಳಿಕೊಟ್ಟರು, ಹಿಂದಿನವರೂ ಹೀಗೇ ಮಾಡ್ತಿದ್ದರಂತೆ. ಹಾವೂ ಸಾಯಬಾರದು, ಕೋಲೂ ಮುರೀಬಾರದು. ನಿಜ ಹೇಳ್ತೀನಿ, ನನಗೆ ಆಗ ಎಷ್ಟೋ ಹಗುರ ಆಯ್ತು, ಯಾರ ಮುಖವೂ ಬಾಡದ ಹಾಗೆ ಇಲ್ಲ ಅನ್ನೋದಕ್ಕೆ ದಾರಿ ಸಿಕ್ಕಿತು ಅಂತ. ಅದಕ್ಕೂ ಮುಂಚೆ ನೀನು ಕಳಿಸಿದವರಿಗೆ ಗೆರೆ ಎಳೆದಿಲ್ಲ, ಆಣೆ. ಆಗದ ಕೆಲಸಕ್ಕೂ ನೋಡೋಣ ಅಂದು ಷರಾ ಬರೆದುಕೊಟ್ಟೆ, ಅಷ್ಟೇ. ಅದೇನೂ ದೊಡ್ಡ ವ್ಯತ್ಯಾಸ ಅಲ್ಲ ಅಂತ ಈಗ ಅನ್ನಿಸ್ತಿದೆ. ನೀನು ಎರಡು ಗೆರೆ ನೋಡಿ ಕಣ್ಣು ತುಂಬಿತು ಅಂತ ಬರೆದೆಯಲ್ಲ, ಆ ಕಾಗದವನ್ನ ಡ್ರಾಯರಲ್ಲಿ ಬೋರಲು ಹಾಕಿದೆ. ಉತ್ತರ ಬರೆಯೋಕೆ ಕೈ ಬರಲಿಲ್ಲ. ಆಪ್ತ ಕಾರ್ಯದರ್ಶಿಗೆ, ನೀವೇ ಏನಾದರೂ ಕಳಿಸಿ ಅಂದೆ. ಪ್ರವಾಸದಲ್ಲಿದ್ದೆ ಅಂತ ಬರೆದದ್ದು ಸುಳ್ಳು.

ಯಂತ್ರ ಮಂಜೂರಾಗಿದೆ, ಮೂರು ವಾರದಲ್ಲಿ ಬರುತ್ತೆ. ಕಾರು ಕಳಿಸ್ತಿದ್ದೀನಿ. ಅಲ್ಲಿವರೆಗೆ ಭಾವನನ್ನ ಇಲ್ಲಿಗೆ ಕರಕೊಂಡು ಬಾ, ಒಳ್ಳೆಯ ಆಸ್ಪತ್ರೆಯಲ್ಲಿ ನಾನೇ ನೋಡಿಕೊಳ್ತೀನಿ. ಕೊಡೆಯಣ್ಣನ ಮಗಳಿಗೆ ಏನಾದರೂ ಒಂದು ಒಳ್ಳೆಯ ಕೆಲಸ ಕೊಡಿಸ್ತೀನಿ.

ಬೈಯಿ. ಆದರೆ ಬರೀ.

ತಮ್ಮ


ಜುಲೈ 9, 2000

ತಮ್ಮಾ,

ನಿನ್ನ ಕಾರು ಬಂದು ಬಾಗಿಲಲ್ಲಿ ನಿಂತಿತು. ನಿನ್ನ ಭಾವ ಅದರ ಸುತ್ತ ಒಂದು ಸುತ್ತು ಹಾಕಿದರು, ಡ್ರೈವರಿಗೆ ಚಹಾ ಕೊಡಿಸಿದರು, ಖಾಲಿ ಕಾರನ್ನೇ ವಾಪಸ್ ಕಳಿಸಿದರು. 'ಹದಿನಾರು ಜನಕ್ಕೆ ಇದರಲ್ಲಿ ಸೀಟಿಲ್ಲ' ಅಂದರು. ನಾನು ಬಾಯಿ ಬಾಯಿ ಬಡಕೊಂಡೆ. ಕೇಳಬೇಕಲ್ಲ ಆ ಮನುಷ್ಯ!

ಯಂತ್ರ ಬಂತು. ಮೊದಲ ಸರದಿ ನಿನ್ನ ಭಾವನಿಗೆ ಅಂತ ಮೇಲಿಂದ ಹೇಳಿಕಳಿಸಿದ್ದರಂತೆ. ಅವರು ಒಪ್ಪಲಿಲ್ಲ, ಅರ್ಜಿಯಲ್ಲಿ ಹೆಸರಿರೋ ಹಾಗೇ ಆಗಬೇಕು ಅಂದರು. ಹೆಡ್ ಕ್ಲರ್ಕ್ ಪಟ್ಟಿ ಹಿಡಿದು ಒಂದೊಂದೇ ಹೆಸರು ಕೂಗಿದರು. ಒಂದನೇದು, ಎರಡನೇದು. ಮೂರನೇ ಹೆಸರನ್ನೂ ಕೂಗಿಬಿಟ್ಟರು. ಯಾರೂ ಏಳಲಿಲ್ಲ. ಆಕೆಗೆ ಆಮೇಲೆ ಗೊತ್ತಾಗಿ, ಪಟ್ಟಿ ಕೆಳಗಿಟ್ಟರು.

ಕೊಡೆಯಣ್ಣನ ಮಗಳಿಗೆ ಕೆಲಸ ಕೊಡಿಸ್ತೀನಿ ಅಂದೆ. ಏನೂ ಕೊಡಿಸಬೇಡ. ಅವಳು ಜಿಲ್ಲಾ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯೋ ವಿಭಾಗದಲ್ಲಿದ್ದಾಳೆ, ತನ್ನ ಅನ್ನ ತಾನು ದುಡೀತಾಳೆ. ನೀನೇ ಹೋಗು. ಕಾರಲ್ಲಿ ಹೋಗಬೇಡ, ಆಪ್ತ ಕಾರ್ಯದರ್ಶಿಯನ್ನ ಕರಕೊಂಡು ಹೋಗಬೇಡ. ಅವಳ ಮುಂದೆ ಕೂತು, ಎರಡು ಗೆರೆ ಅಂದರೆ ಏನು ಅಂತ ನಿನ್ನ ಬಾಯಿಂದ ಹೇಳು.

ಅಕ್ಕ


ಆಗಸ್ಟ್ 1, 2000

ಅಕ್ಕಾ,

ಹೋಗಿದ್ದೆ. ಬಸ್ಸಲ್ಲೇ ಹೋದೆ.

ಎರಡು ಕೋಣೆಯ ಮನೆ. ಕಿಟಕಿಯಿಂದ ಆಸ್ಪತ್ರೆ ಗೇಟು ಕಾಣುತ್ತೆ, ಇನ್ನೂರು ಹೆಜ್ಜೆ ಇರಬಹುದು. ನನ್ನನ್ನ ನೋಡಿ ಆಕೆಗೆ ಗಾಬರಿ. ಕುರ್ಚಿ ಒರೆಸಿ ಕೂರಿಸಿದಳು, ಚಹಾ ತಂದಿಟ್ಟಳು. 'ಅಪ್ಪ ಕೊನೇವರೆಗೂ ನಿಮ್ಮ ಹೆಸರು ಹೇಳ್ತಿದ್ದರು ಸಾರ್. ಇಲ್ಲಿಗೆ ಬರ್ತೀನಿ ಅಂತ ಕಾಗದ ಹಾಕಿದ್ದರು. ಅವತ್ತು ಬಸ್ ಸ್ಟ್ಯಾಂಡಿಗೆ ಹೋಗಿ ಸಾಯಂಕಾಲದವರೆಗೂ ಕಾದೆ, ಬರಲಿಲ್ಲ. ಆಮೇಲೆ ಬರೆದರು, ಊರಿಗೇ ಯಂತ್ರ ಬರುತ್ತಂತೆ, ಸಚಿವರೇ ಬರೆದುಕೊಟ್ಟಿದ್ದಾರೆ ಅಂತ. ಹೊರಟು ನಿಂತವರು ಯಾಕೆ ಮನಸ್ಸು ಬದಲಾಯಿಸಿದರೋ' ಅಂದಳು.

ನನ್ನ ಸಹಿಯಿಂದ ಅಂತ ಹೇಳಿದೆ. ಎಲ್ಲ ಹೇಳಿದೆ. ಒಂದು ಗೆರೆ, ಎರಡು ಗೆರೆ, ಓದದ ಪಟ್ಟಿ. ಸುತ್ತಿ ಬಳಸಿ ಹೇಳಲಿಲ್ಲ.

ಅವಳು ಪೂರ್ತಿ ಕೇಳಿದಳು. ಆಮೇಲೆ ಎದ್ದು, ನನ್ನ ಮುಂದಿದ್ದ ಚಹಾದ ಲೋಟ ತೆಗೆದುಕೊಂಡು ಒಳಗೆ ಹೋದಳು. ನಾನು ಇನ್ನೂ ಕುಡಿದಿರಲಿಲ್ಲ. ಸ್ವಲ್ಪ ಹೊತ್ತು ಕಾದೆ, ಅವಳು ಹೊರಗೆ ಬರಲಿಲ್ಲ. ಬಾಗಿಲು ಮುಂದೆ ಮಾಡಿಕೊಂಡು ಬಂದೆ.

ಇಲಾಖೆಗೆ ಸುತ್ತೋಲೆ ಕಳಿಸಿದ್ದೀನಿ, ಇನ್ನು ಗೆರೆಗಳಿಲ್ಲ. ಆಗೋದಕ್ಕೆ ಆಗುತ್ತೆ ಅಂತ, ಆಗದ್ದಕ್ಕೆ ಆಗಲ್ಲ ಅಂತ, ಯಾಕೆ ಅಂತ, ಬರೆದು ಕೊಡ್ತಿದ್ದೀನಿ. ನಿನ್ನೆ ಒಬ್ಬರು ನನ್ನ ಮುಂದೇನೇ ಅರ್ಜಿ ಹರಿದು ಬಿಸಾಕಿ ಹೋದರು. ಆಪ್ತ ಕಾರ್ಯದರ್ಶಿ, 'ಸಾರ್, ಹೀಗಾದರೆ ಮುಂದಿನ ಸಲ ಠೇವಣಿಯೂ ಉಳಿಯಲ್ಲ' ಅಂತ ಬೆವರು ಒರೆಸಿಕೊಳ್ತಿದ್ದಾರೆ.

ಭಾವನಿಗೆ ಹೇಳು, ನಾನು ಬರ್ತೀನಿ. ಬಂದರೆ ಬಾಗಿಲು ತೆಗೀತೀರಾ?

ನಿನ್ನ ತಮ್ಮ


ಮೇ 16, 2004

ತಮ್ಮಾ,

ಹನ್ನೊಂದು ಸಾವಿರ ಮತದಿಂದ ಸೋತೆ ಅಂತ ರೇಡಿಯೋದಲ್ಲಿ ಹೇಳಿದರು. ಮಂತ್ರಿಗಿರಿ ಮೂರು ವರ್ಷದ ಹಿಂದೆಯೇ ಹೋಗಿತ್ತು, ಈಗ ಇದೂ ಹೋಯ್ತು. ನಮ್ಮ ಬೀದೀಲೇ ನಿನಗೆ ಕಡಿಮೆ ಬಿದ್ದಿದೆ. ಮೇಷ್ಟರು ನನ್ನ ಮುಖಕ್ಕೇ ಹೇಳಿದರು, 'ನಿಮ್ಮ ತಮ್ಮ ಒಳ್ಳೆಯವನೇ ಅಮ್ಮಾ, ಆದರೆ ಏನು ಕೇಳಿದರೂ ಆಗಲ್ಲ, ಯಾಕೆ ಅಂದರೆ ಅಂತ ಶುರು ಮಾಡ್ತಾನೆ. ಶಾಸಕ ಅಂದಮೇಲೆ ಒಂದು ಹೂಂ ಅನ್ನಬಾರದಾ?' ಗೆದ್ದವನ ಗೋಣು ಚೆನ್ನಾಗಿ ಆಡುತ್ತಂತೆ.

ನಿನ್ನ ಭಾವ ಮೊದಲು ಹೋಗಿ ಓಟು ಹಾಕಿ, ಅಲ್ಲಿಂದಲೇ ಯಂತ್ರದ ಸರದಿಗೆ ಹೋದರು. ನಾಲ್ಕು ವರ್ಷ ಆಯ್ತು, ನಡೀತಿದ್ದಾರೆ. ನೀನು ಬಂದಾಗೆಲ್ಲ ಅವರ ಪಕ್ಕ ಕೂತು ಮಾತಾಡ್ತೀಯಲ್ಲ, ಅದನ್ನ ಊರಿಗೆಲ್ಲ ಹೇಳ್ಕೊಂಡು ತಿರುಗ್ತಾರೆ.

ಇಷ್ಟು ದಿನ ನಿನ್ನನ್ನ ಎದುರಿಗೆ ಕೂರಿಸಿಕೊಂಡು ಊಟ ಬಡಿಸಿದ್ದೀನಿ, ಇದನ್ನ ಹೇಳಲಿಲ್ಲ. ನೀನು ಗೆದ್ದಿದ್ದರೆ ಇವತ್ತೂ ಹೇಳ್ತಿರಲಿಲ್ಲವೋ ಏನೋ. ನಿಜ ಹೇಳಿ ನೀನು ಕುರ್ಚಿ ಕಳಕೊಂಡೆ. ನನಗೆ ಕಳಕೊಳ್ಳೋಕೆ ಏನಿತ್ತು? ಆದರೂ ಹೇಳಲಿಲ್ಲ.

ಆ ಸೆಪ್ಟೆಂಬರಲ್ಲಿ ಕೊಡೆಯಣ್ಣ ಮಗಳ ಊರಿಗೆ ಹೊರಟೇಬಿಟ್ಟಿದ್ದರು. ಸಾಮಾನೆಲ್ಲ ಟ್ರಂಕಿಗೆ ತುಂಬಿ, ಟ್ರಂಕನ್ನ ಬಸ್ ಮೇಲೆ ಹಾಕಿಸಿ, ಕಿಟಕಿ ಪಕ್ಕದ ಸೀಟಲ್ಲಿ ಕೂತಿದ್ದರು. ನಾನು ನಿನ್ನ ಷರಾ ಹಿಡಕೊಂಡು ಓಡಿದೆ. ಹದಿನೇಳು ಜನ ಅಂತ ಬರೆದಿದ್ದೀವಿ. ಇವರು ಹೋದರೆ ಹದಿನಾರು, ಇವರನ್ನ ನೋಡಿ ಇನ್ನೂ ನಾಲ್ಕು ಜನ ಹೋದರೆ ಹನ್ನೆರಡು. ಅಷ್ಟು ಜನಕ್ಕೆ ಯಂತ್ರ ಯಾಕೆ ಅಂತ ಮೇಲಿನವರು ಕೇಳ್ತಾರೆ ಅಂತ ನನಗೆ ಭಯ. ನನ್ನ ಕಣ್ಣ ಮುಂದೆ ಇದ್ದದ್ದು ಹದಿನೇಳೂ ಅಲ್ಲ, ಹನ್ನೆರಡೂ ಅಲ್ಲ, ಹನ್ನೊಂದನೇ ಹೆಸರು ಒಂದೇ.

'ಕೊಡೆಯಣ್ಣಾ ಇಳೀರಿ, ನನ್ನ ತಮ್ಮ ಎರಡು ಗೆರೆ ಎಳೆದಿದ್ದಾನೆ, ತಿಂಗಳೊಳಗೆ ಬರುತ್ತೆ' ಅಂದೆ. ಮಗಳು ಕಾಯ್ತಿರ್ತಾಳೆ ಅಂದರು. ನಾನು ಬಿಡಲಿಲ್ಲ. ಅವರ ಕೈ ಹಿಡಿದು ಇಳಿಸಿದೆ. ಟ್ರಂಕನ್ನ ನಾನೇ ತಲೆ ಮೇಲೆ ಹೊತ್ತು ವಾಪಸ್ ತಂದೆ.

ನೀನು ಅವಳ ಮನೆಗೆ ಹೋಗಿ, ನನ್ನ ಸಹಿಯಿಂದ ಅಂತ ಎಲ್ಲಾನೂ ನಿನ್ನ ತಲೆ ಮೇಲೆ ಹಾಕಿಕೊಂಡು ಬಂದೆ. ಹೊರಟು ನಿಂತವರು ಯಾಕೆ ಮನಸ್ಸು ಬದಲಾಯಿಸಿದರೋ ಅಂತ ಅವಳು ಕೇಳಿದ್ದನ್ನ ನೀನು ನನಗೇ ಬರೆದೆ. ಉತ್ತರ ನನ್ನ ಹತ್ತಿರ ಇತ್ತು. ತನ್ನ ತಟ್ಟೇಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ತಟ್ಟೆಯ ನೊಣ ತೋರಿಸಿದರಂತೆ. ನಿನ್ನದು ನೊಣ ಅಲ್ಲ, ಅದು ಬೇರೆ ಮಾತು. ಆದರೆ ನಿನ್ನನ್ನ ಅಲ್ಲಿಗೆ ಕಳಿಸಿ ನಾನು ಅಂಗಡೀಲಿ ಕೂತು ಗುಂಡಿ ಹೊಲೀತಿದ್ದೆ.

ನಾಳೆ ಮೊದಲ ಬಸ್ಸಿಗೆ ಅವಳ ಊರಿಗೆ ಹೊರಟಿದ್ದೀನಿ. ನೀನು ಬರೋದು ಬೇಡ, ನಿನ್ನ ಭಾವನೂ ಬರೋದು ಬೇಡ. ಈ ಕಾಗದವನ್ನ ಬಸ್ ಸ್ಟ್ಯಾಂಡಿನ ಡಬ್ಬಿಗೆ ಹಾಕಿಯೇ ಬಸ್ ಹತ್ತುತ್ತೀನಿ. ಮೊದಲು ನಿನಗೆ ಯಾಕೆ ಬರೆದೆ ಅಂದರೆ, ಅವಳ ಬಾಗಿಲವರೆಗೆ ಹೋಗಿ ನಾನು ಹಿಂದಕ್ಕೆ ಬಂದುಬಿಟ್ಟರೆ, ಅದು ನಿನಗಾದರೂ ಗೊತ್ತಾಗಲಿ ಅಂತ.

ನಿನ್ನ ಅಕ್ಕ